ಜಾರ್‌ನಲ್ಲಿಟ್ಟ ಪೈಪ್ ತಂಬಾಕು ಯಾಕೆ ಕೆಡುತ್ತದೆ: ದೋಷ ಹುಡುಕುವ ಬಗೆ

ಪೈಪ್ ತಂಬಾಕನ್ನು ವರ್ಷಗಟ್ಟಲೆ ಇಟ್ಟು ಹಳೆಯದು ಮಾಡುವವರ ದೂರುಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ಒಣಗಿ ಪುಡಿಯಾಗಿದೆ. ಒದ್ದೆಯಾಗಿದೆ, ಹೊತ್ತಿಕೊಳ್ಳುವುದೇ ಇಲ್ಲ. ಮೇಲೆ ಬೆಳ್ಳಗೆ ಏನೋ ಬಂದಿದೆ. ಎಲೆಯಲ್ಲಿ ತೂತು ಬಿದ್ದಿದೆ. ವಾಸನೆ ಯಾಕೋ ಬೇರೆಯಾಗಿದೆ. ಎರಡು ವರ್ಷ ಆದರೂ ಏನೂ ಬದಲಾಗಿಲ್ಲ. ಇವುಗಳಲ್ಲಿ ಜಾಸ್ತಿ ಪಾಲು ಎಲೆಯ ತಪ್ಪಲ್ಲ, ಮುಚ್ಚಳದ್ದು. ಉಳಿದದ್ದರಲ್ಲಿ ಬಹುಪಾಲು, ಜಾರ್ ತುಂಬಿದ ದಿನ ಎಲೆಯಲ್ಲಿದ್ದ ತೇವದ್ದು. ಆದರೆ ನಾವು ಮೊದಲು ಕೈ ಹಾಕುವುದು ಎಲೆಗೇ. ನೀರು ಚಿಮುಕಿಸುತ್ತೇವೆ, ಬಿಸಿಲಿಗಿಡುತ್ತೇವೆ, ಆಲೂಗಡ್ಡೆ ಹೋಳು ಹಾಕುತ್ತೇವೆ. ಇಷ್ಟೆಲ್ಲ ಆದ ಮೇಲೆ ಮೂಲ ದೋಷ ಎಲ್ಲಿತ್ತು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹಳೆಯ ತಂಬಾಕು ನಾಲಿಗೆಗೆ ಮೆತ್ತಗಿರಬಹುದು, ದೇಹಕ್ಕೆ ಮೆತ್ತಗೇನೂ ಅಲ್ಲ. ಎಷ್ಟು ವರ್ಷ ಇಟ್ಟರೂ ಅದರ ಕೆಡುಕು ಕಮ್ಮಿಯಾಗುವುದಿಲ್ಲ. ಜಾರ್ ಮಕ್ಕಳ ಕೈಗೆ ಸಿಗುವ ಜಾಗದಲ್ಲಿರಬಾರದು. ಎಲೆಯನ್ನು ಸುಮ್ನೆ ಬಾಯಿಗೆ ಹಾಕಿಕೊಂಡರೂ ನಿಕೋಟಿನ್ ವಿಷವಾಗುತ್ತದೆ.

ಮೊದಲು ಮೂರು ಕೆಲಸ, ಆಮೇಲೆ ಉಳಿದದ್ದು

ಜಾರ್ ತೆರೆಯುವ ಮೊದಲೇ ತೂಗಿ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಮುಚ್ಚಳ ತೆಗೆದ ಕೂಡಲೇ ಒಮ್ಮೆ ಮೂಸಿ. ಮೂಗಿಗೆ ಹೊಂದಿಕೊಂಡ ಮೇಲೆ ಏನೂ ತಿಳಿಯುವುದಿಲ್ಲ, ಆ ಮೊದಲ ಉಸಿರೇ ಮುಖ್ಯ. ಆಮೇಲೆ ಒಂದು ಚಿಟಿಕೆ ಎಲೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ ಬಿಡಿ. ಉಂಡೆಯಾಗಿಯೇ ಕೂತರೆ ಒದ್ದೆ ಜಾಸ್ತಿ. ನಿಧಾನಕ್ಕೆ ಬಿಚ್ಚಿಕೊಂಡರೆ ಹದ ಸರಿ ಇದೆ. ಚರಚರ ಅಂತ ಮುರಿದರೆ ಒಣಗಿದೆ.

ಕೈಯ ಅಂದಾಜು ಸಾಲದು ಅನ್ನುವವರು ಗಾಳಿಯ ತೇವ ಅಳೆಯುವ ಒಂದು ಪುಟ್ಟ ಹೈಗ್ರೋಮೀಟರನ್ನು ಜಾರ್ ಒಳಗೆ ಒಂದು ದಿನ ಇಟ್ಟು ನೋಡಬಹುದು. ಒಳಗಿನ ಗಾಳಿಯ ಆರ್ದ್ರತೆ ಶೇ 60ರಿಂದ 65 ಇದ್ದರೆ ನೆಮ್ಮದಿ. 70 ದಾಟಿದರೆ ಬೂಷ್ಟಿನ ಭಯ ಶುರು. 50ಕ್ಕಿಂತ ಕೆಳಗೆ ಅಂದರೆ ಒಣಗಿದ ಹಾಗೆ. ಅಗ್ಗದ ಹೈಗ್ರೋಮೀಟರ್‌ಗಳು ಸುಳ್ಳು ಹೇಳುವುದು ಮಾಮೂಲಿ, ಹಾಗಾಗಿ ಮೊದಲು ಅದನ್ನೇ ಪರೀಕ್ಷೆ ಮಾಡಿ. ಬಾಟಲಿ ಬಿರಡೆಯೊಂದರಲ್ಲಿ ಅಡುಗೆ ಉಪ್ಪು ಹಾಕಿ, ಕೆಲವೇ ಹನಿ ನೀರು ಬಿಟ್ಟು ಒದ್ದೆ ಮರಳಿನಷ್ಟು ಹದಕ್ಕೆ ತನ್ನಿ. ಬಿರಡೆ ಮತ್ತು ಮೀಟರ್ ಎರಡನ್ನೂ ಒಂದು ಜಿಪ್ ಕವರ್‌ನಲ್ಲಿ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ 75 ತೋರಿಸಬೇಕು. 69 ತೋರಿಸಿದರೆ ನಿಮ್ಮ ಮೀಟರ್ 6 ಕಮ್ಮಿ ಹೇಳುತ್ತಿದೆ ಅಂತ ಬರೆದಿಟ್ಟುಕೊಳ್ಳಿ. ಎಸೆಯುವ ಅಗತ್ಯ ಇಲ್ಲ.

ಒಣಗಿದೆ: ಮುಚ್ಚಳವನ್ನು ಅನುಮಾನಿಸಿ

ಮುಚ್ಚಳ ಸರಿಯಾಗಿ ಕೂತ ಗಾಜಿನ ಜಾರ್‌ನಲ್ಲಿ ತಂಬಾಕು ಹತ್ತು ವರ್ಷ ಕಳೆದರೂ ಹದ ಬಿಡುವುದಿಲ್ಲ. ಆದ್ದರಿಂದ ಒಣಗಿದೆ ಅಂದರೆ ಎರಡೇ ಸಾಧ್ಯತೆ. ತುಂಬುವಾಗಲೇ ಒಣಗಿತ್ತು, ಇಲ್ಲವೇ ತೇವ ಎಲ್ಲಿಂದಲೋ ಹೋಗುತ್ತಿದೆ. ಯಾವುದು ಅಂತ ಹೇಳುವುದು ತೂಕ ಮಾತ್ರ.

ಲೆಕ್ಕ ಹೀಗಿದೆ. 50 ಗ್ರಾಂ ತಂಬಾಕಿನಲ್ಲಿ ಶೇ 18 ತೇವ ಇದೆ ಅಂದುಕೊಳ್ಳಿ. ಅದರಲ್ಲಿ ಒಣ ಎಲೆ 41 ಗ್ರಾಂ. ತೇವ ಶೇ 12ಕ್ಕೆ ಇಳಿದಾಗ ಒಟ್ಟು ತೂಕ ಸುಮಾರು 46.6 ಗ್ರಾಂ ಆಗುತ್ತದೆ. ಅಂದರೆ ಮೂರು ಗ್ರಾಂಗಿಂತ ಜಾಸ್ತಿ ಇಳಿಕೆ. ಇದನ್ನು ಒಂದು ಗ್ರಾಂ ತೋರಿಸುವ ಮಾಮೂಲಿ ತಕ್ಕಡಿಯೂ ಹಿಡಿಯುತ್ತದೆ. ಜಾರ್ ತುಂಬಿದ ದಿನ ಮುಚ್ಚಳ ಸಮೇತ ತೂಗಿ, ಚೀಟಿಯಲ್ಲಿ ಬರೆದು ಅಂಟಿಸಿ. ಚೀಟಿ ಗಾಜಿನ ಮೇಲಿರಲಿ. ಮುಚ್ಚಳದ ಮೇಲೆ ಅಂಟಿಸಿದರೆ ತೊಳೆಯುವಾಗ ಮುಚ್ಚಳಗಳು ಅದಲುಬದಲಾಗಿ ಲೆಕ್ಕವೆಲ್ಲ ಹಾಳಾಗುತ್ತದೆ. ಮೂರು ತಿಂಗಳಿಗೊಮ್ಮೆ ತೂಗಿ. ತೂಕ ಅಷ್ಟೇ ಇದ್ದರೆ ಮುಚ್ಚಳ ಗಟ್ಟಿ. ಇಳಿಯುತ್ತಾ ಬಂದರೆ ಸೋರಿಕೆ ಇದೆ. ಇದನ್ನು ತಿಳಿಯಲು ಜಾರ್ ತೆರೆಯಬೇಕಾಗಿಯೂ ಇಲ್ಲ.

ಸೋರಿಕೆ ಇದೆ ಅಂತಾದರೆ ಬೆಳಕಿನ ಎದುರು ಕೂತು ಮುಚ್ಚಳ ನೋಡಿ. ತಿರುಗಿಸುವ ತಗಡಿನ ಮುಚ್ಚಳದ ಒಳಗೆ ಅಂಚಿನುದ್ದಕ್ಕೂ ಮೆತ್ತನೆಯ ಒಂದು ಬಳೆ ಇರುತ್ತದೆ. ಗಾಜಿನ ಬಾಯಿ ಒತ್ತಿ ಒತ್ತಿ ಅದರ ಮೇಲೆ ಗೀರು ಬಿದ್ದಿರುತ್ತದೆ. ಉಗುರಿನಿಂದ ಆ ಗೀರನ್ನು ಒಂದು ಸುತ್ತು ಸವರಿ. ಸುತ್ತಲೂ ಒಂದೇ ಆಳ ಇದ್ದರೆ ಸರಿ. ಒಂದು ಕಡೆ ಆಳ, ಇನ್ನೊಂದು ಕಡೆ ಗುರುತೇ ಇಲ್ಲ ಅಂದರೆ ಮುಚ್ಚಳ ಸೊಟ್ಟಗೆ ಕೂರುತ್ತಿದೆ. ಬಳೆಗೆ ಅಡ್ಡಲಾಗಿ ಒಂದು ಎಳೆ ತಂಬಾಕು ಅಂಟಿಕೊಂಡಿದ್ದರಂತೂ ಬೇರೆ ಕಾರಣ ಹುಡುಕುವುದೇ ಬೇಡ. ಕೂದಲೆಳೆಯಷ್ಟು ಚೂರು ಸಾಕು, ಗಾಳಿ ಓಡಾಡುತ್ತದೆ. ತುಂಬಿದ ಮೇಲೆ ಜಾರ್ ಬಾಯನ್ನು ಒಣ ಬಟ್ಟೆಯಲ್ಲಿ ಒರೆಸಿಯೇ ಮುಚ್ಚಬೇಕು.

ತಂತಿಯ ಕೊಂಡಿ ಇರುವ ಜಾರ್‌ಗಳ ಕಥೆ ಬೇರೆ. ಅಲ್ಲಿ ರಬ್ಬರ್ ವಾಷರ್ ಗಟ್ಟಿಯಾಗುತ್ತದೆ, ಅಥವಾ ಕೊಂಡಿ ಸಡಿಲವಾಗುತ್ತದೆ. ಹಾಕುವಾಗ ಬೆರಳಿಗೆ ಒಳ್ಳೆ ಜೋರು ಬೇಕಾಗಬೇಕು. ಸಲೀಸಾಗಿ ಬಿದ್ದರೆ ಅದು ಮುಚ್ಚಿಲ್ಲ ಅಂತಲೇ ಅರ್ಥ. ವಾಷರ್ ಹೊಸದು ಹಾಕುವಾಗ ಪಾರದರ್ಶಕ ಸಿಲಿಕೋನ್ ನೋಡಲು ಚೆಂದ ಅಂತ ಹಲವರು ಅದನ್ನೇ ತರುತ್ತಾರೆ. ನಾನು ತರುವುದಿಲ್ಲ. ಸಿಲಿಕೋನ್ ನೀರು ಹಿಡಿಯುತ್ತದೆ, ಆದರೆ ಆವಿಯನ್ನೂ ಗಾಳಿಯನ್ನೂ ಮಾಮೂಲಿ ರಬ್ಬರಿಗಿಂತ ಎಷ್ಟೋ ಸುಲಭವಾಗಿ ಬಿಟ್ಟುಕೊಡುತ್ತದೆ. ಸಾಂಬಾರ್ ಪುಡಿ ಮೂರು ತಿಂಗಳಿಡಲು ಸರಿ, ಐದು ವರ್ಷದ ಕೆಲಸಕ್ಕೆ ಅಲ್ಲ.

ಜಿಪ್ ಕವರ್ ತಿಂಗಳುಗಳ ಮಟ್ಟಿಗೆ ಮಾತ್ರ. ತೆಳು ಪ್ಲಾಸ್ಟಿಕ್ ಮೂಲಕ ವಾಸನೆ ಹೊರಗೆ ಬರುತ್ತದೆ ಅಂದರೆ ತೇವವೂ ಬರುತ್ತಿದೆ, ಅಲ್ವಾ? ಸ್ಟೀಲ್ ಡಬ್ಬಿಗಳು ಎಷ್ಟೇ ಬಿಗಿ ಅನ್ನಿಸಿದರೂ ಗಾಳಿ ಬಿಡುತ್ತವೆ.

ಮುಚ್ಚಳ ಗಟ್ಟಿ ಇದ್ದೂ ತೂಕ ಸ್ವಲ್ಪ ಸ್ವಲ್ಪವೇ ಇಳಿಯುತ್ತಿದ್ದರೆ ಜಾಗ ನೋಡಿ. ಮೇಲಿನ ಮಹಡಿಯ ಮನೆಯಲ್ಲಿ ತಾರಸಿ ಕೆಳಗಿನ ಸಜ್ಜೆ ಮಧ್ಯಾಹ್ನ ಕಾಯುತ್ತದೆ, ರಾತ್ರಿ ತಣಿಯುತ್ತದೆ. 20 ಡಿಗ್ರಿಯಿಂದ 35ಕ್ಕೆ ಏರಿದರೆ ಜಾರ್ ಒಳಗಿನ ಗಾಳಿ ಶೇ 5ರಷ್ಟು ಹಿಗ್ಗಲು ನೋಡುತ್ತದೆ. ದಿನಾ ಹೀಗೆ ತಳ್ಳಿ ಎಳೆದರೆ ಅರೆಬರೆ ಮುಚ್ಚಳ ಸೋಲುತ್ತದೆ. ಒಳಗೋಡೆಯ ಬೀರುವಿನ ಕೆಳ ಅರೆ ಎಲ್ಲಕ್ಕಿಂತ ವಾಸಿ. ಬೆಳಕು ಬೀಳಬಾರದು, ಬಿಸಿ ಏರಿಳಿಯಬಾರದು. ಕಲಬುರಗಿ, ರಾಯಚೂರು ಕಡೆ ಬೇಸಿಗೆ 40 ದಾಟುವ ಊರುಗಳಲ್ಲಿ ಮನೆಯ ಅತಿ ತಂಪಾದ ಕೋಣೆ ಯಾವುದು ಅಂತ ಮನೆಯವರಿಗೆ ಗೊತ್ತೇ ಇರುತ್ತದೆ. ಅಲ್ಲೇ ಇಡಿ.

ಒಣಗಿದ್ದನ್ನು ಹದಕ್ಕೆ ತರುವುದು

ಇಲ್ಲಿ ಎಲ್ಲರೂ ಬೇಕಾದ್ದಕ್ಕಿಂತ ಜಾಸ್ತಿ ನೀರು ಕೊಡುತ್ತಾರೆ. ಶೇ 8ಕ್ಕೆ ಇಳಿದು ಗರಿಗರಿಯಾದ 50 ಗ್ರಾಂ ಎಲೆಯನ್ನು ಶೇ 14ಕ್ಕೆ ತರಲು ಬೇಕಾದ ನೀರು ಸುಮಾರು 3.5 ಗ್ರಾಂ. ಒಂದು ಟೀ ಚಮಚವೂ ಅಲ್ಲ! ಅಂಗಡಿಯವರು ವೀಳ್ಯದೆಲೆಗೆ ಚಿಮುಕಿಸುವ ಹಾಗೆ ನೀರು ಎರಚಿದರೆ ಒಂದು ಕಡೆ ನೆನೆದು ಇನ್ನೊಂದು ಕಡೆ ಒಣಗಿಯೇ ಉಳಿಯುತ್ತದೆ. ನೆನೆದ ಕಡೆ ಬೂಷ್ಟು ಬರುತ್ತದೆ.

ಅಗಲ ಬಟ್ಟಲಲ್ಲಿ ಎಲೆ ಹರಡಿ. ಬಾಯಿಗೆ ಹಿಂಡಿದ ಒದ್ದೆ ಬಟ್ಟೆ ಬಿಗಿದು ಕಟ್ಟಿ. ಬಟ್ಟೆ ಎಲೆಗೆ ತಾಗಬಾರದು. ಎರಡು ಮೂರು ಗಂಟೆಗೊಮ್ಮೆ ಕೈಯಾಡಿಸಿ, ಬಟ್ಟಲು ಸಮೇತ ತೂಗಿ. ಬೇಕಾದ ತೂಕ ಬಂದ ಕೂಡಲೇ ನಿಲ್ಲಿಸಿ, ಜಾರ್‌ಗೆ ಹಾಕಿ ಎರಡು ದಿನ ಬಿಡಿ. ತೇವ ಒಳಗೂ ಹೊರಗೂ ಸಮನಾಗಲು ಅಷ್ಟು ಹೊತ್ತು ಬೇಕು. ಮಳೆಗಾಲದಲ್ಲಿ ಇಷ್ಟೂ ಬೇಡ. ಮಡಿಕೇರಿಯಲ್ಲೋ ಮಂಗಳೂರಿನಲ್ಲೋ ಜುಲೈ ತಿಂಗಳು ಬಟ್ಟಲನ್ನು ರಾತ್ರಿ ತೆರೆದಿಟ್ಟರೆ ಗಾಳಿಯೇ ಆ ಕೆಲಸ ಮಾಡುತ್ತದೆ. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೆಳೆಯುವವರನ್ನು ಕೇಳಿ ನೋಡಿ. ಬಿಸಿಗಾಳಿಯಲ್ಲಿ ಎಲೆ ಒಣಗಿಸುವ ಮನೆಯಾದ ಬ್ಯಾರನ್‌ನಲ್ಲಿ ಒಣಗಿ ಗರಿಗರಿಯಾದ ಎಲೆ ಗಾಳಿಯ ತೇವ ಕುಡಿದು ಮೆತ್ತಗಾಗುವ ತನಕ ಅವರು ಅದನ್ನು ಇಳಿಸಿ ಕಟ್ಟುವುದಕ್ಕೇ ಹೋಗುವುದಿಲ್ಲ.

ಸೇಬಿನ ಹೋಳು, ಆಲೂಗಡ್ಡೆ, ಕಿತ್ತಳೆ ಸಿಪ್ಪೆ ಇವು ಯಾವುವೂ ಬೇಡ. ತೇವದ ಜೊತೆ ಬೂಷ್ಟಿನ ಬೀಜವನ್ನೂ ತರುತ್ತವೆ. ಮತ್ತೆ, ನೀರು ವಾಪಸ್ ಬಂದರೂ ಹಾರಿಹೋದ ಪರಿಮಳ ವಾಪಸ್ ಬರುವುದಿಲ್ಲ. ತುಂಬ ದಿನ ಒಣಗಿದ್ದ ತಂಬಾಕನ್ನು ಹದ ಮಾಡಿ ಸೇದಬಹುದು, ಮತ್ತೆ ವರ್ಷಗಟ್ಟಲೆ ಇಟ್ಟು ಉಪಯೋಗ ಇಲ್ಲ.

ಒದ್ದೆ, ಗುಳುಗುಳು ಸದ್ದು, ನಾಲಿಗೆ ಉರಿ

ಸೇದುವಾಗ ಪೈಪಿನಲ್ಲಿ ಗುಳುಗುಳು ಸದ್ದು ಬಂದರೆ ಮೊದಲು ದೋಷ ತಂಬಾಕಿನದೋ ಪೈಪಿನದೋ ಬೇರ್ಪಡಿಸಿ. ಅದೇ ತಂಬಾಕನ್ನು ಇನ್ನೊಂದು ಪೈಪಿನಲ್ಲಿ ಹಾಕಿ, ಆ ಪೈಪಿನಲ್ಲಿ ಬೇರೆ ತಂಬಾಕು ಹಾಕಿ ನೋಡಿ. ಸದ್ದು ಯಾವುದರ ಹಿಂದೆ ಹೋಗುತ್ತದೋ ದೋಷ ಅಲ್ಲಿದೆ. ತೀರಾ ಬಿಗಿಯಾಗಿ ತುಂಬಿದರೂ ಇದೇ ಲಕ್ಷಣ.

ತಂಬಾಕಿನದೇ ಅಂದರೆ, ಪೂರ್ತಿ ಜಾರ್ ಒಣಗಿಸಬೇಡಿ. ಸೇದುವಷ್ಟು ಮಾತ್ರ ಕಾಗದದ ಮೇಲೆ ಹರಡಿ ಅರ್ಧ ಗಂಟೆಯಿಂದ ಎರಡು ಗಂಟೆ ಬಿಡಿ. ಏಪ್ರಿಲ್‌ನ ಬಯಲುಸೀಮೆಯಲ್ಲಿ ಹದಿನೈದು ನಿಮಿಷವೇ ಜಾಸ್ತಿ. ಕರಾವಳಿಯ ಮಳೆಗಾಲದಲ್ಲಿ ಮಾತ್ರ ದಿನವಿಡೀ ಇಟ್ಟರೂ ಒಣಗದು, ಇನ್ನೂ ಒದ್ದೆಯಾಗಬಹುದು. ಆಗ ಟೇಬಲ್ ಲ್ಯಾಂಪಿನ ಕೆಳಗೆ ಒಂದು ಮೊಳ ದೂರದಲ್ಲಿಡಿ. ಮೈಕ್ರೋವೇವ್ ಬೇಡ, ಒಂದೇ ಕಡೆ ಸುಡುತ್ತದೆ.

ಅರೋಮ್ಯಾಟಿಕ್ ಅಂತ ಬರುವ ವೆನಿಲ್ಲಾ, ಚೆರ್ರಿ ಥರದವುಗಳಲ್ಲಿ ಈ ಚಿಟಿಕೆ ಪರೀಕ್ಷೆ ಮೋಸ ಮಾಡುತ್ತದೆ. ಅವುಗಳಿಗೆ ಪ್ರೊಪಿಲೀನ್ ಗ್ಲೈಕಾಲ್ ಹಾಕಿರುವುದು ಸಾಮಾನ್ಯ. ಅದು ತೇವ ಹಿಡಿದಿಡುತ್ತದೆ, ತಾನೂ ಬೇಗ ಆರುವುದಿಲ್ಲ. ಕೈಗೆ ಜಿಗುಟು, ಆದರೆ ಹೈಗ್ರೋಮೀಟರ್ ಕಮ್ಮಿ ತೋರಿಸುತ್ತದೆ. ಅಂಥದ್ದನ್ನು ಎಷ್ಟು ಹೊತ್ತು ಹರಡಿದರೂ ವರ್ಜೀನಿಯಾ ಜಾತಿಯ ಸಾದಾ ಎಲೆಯ ಹಾಗೆ ಆಗುವುದಿಲ್ಲ. ಅದು ದೋಷ ಅಲ್ಲ, ಅದರ ಗುಣವೇ ಹಾಗೆ.

ಬೆಳ್ಳಗೆ ಕಾಣುತ್ತಿದೆ: ಬೂಷ್ಟೋ ಹರಳೋ

ಎಲ್ಲಕ್ಕಿಂತ ಜಾಸ್ತಿ ಗಾಬರಿ ಹುಟ್ಟಿಸುವುದು ಇದು. ಮಂಗಳೂರಿನ ಸ್ನೇಹಿತರೊಬ್ಬರು ಫೋಟೋ ಕಳಿಸಿ, “ಇದು ಎಂತ ಮಾರಾಯ್ರೆ, ಎಸೆಯಬೇಕಾ?” ಅಂತ ಕೇಳಿದರು. ಫೋಟೋ ನೋಡಿ ಹೇಳುವುದು ಕಷ್ಟ. “ಟಾರ್ಚ್ ಮತ್ತು ಭೂತಗನ್ನಡಿ ತಗೊಂಡು ನೀವೇ ನೋಡಿ, ಏನು ಕಾಣುತ್ತದೆ ಹೇಳಿ” ಅಂದೆ.

ಹಳೆಯ ವರ್ಜೀನಿಯಾ ಫ್ಲೇಕ್‌ಗಳ, ಅಂದರೆ ಒತ್ತಿ ತೆಳು ಹಾಳೆಯಾಗಿ ಕತ್ತರಿಸಿದ ತಂಬಾಕಿನ, ಮೇಲೆ ಸಣ್ಣ ಹರಳು ಮೂಡುವುದುಂಟು. ಎಲೆಯೊಳಗೆ ಕರಗಿದ್ದದ್ದು ಮೇಲೆ ಬಂದು ಗಟ್ಟಿಯಾದದ್ದು ಅದು. ಟಾರ್ಚನ್ನು ಓರೆಯಾಗಿ ಹಿಡಿದರೆ ಮಿಣಮಿಣ ಹೊಳೆಯುತ್ತದೆ. ಭೂತಗನ್ನಡಿಯಲ್ಲಿ ಚೂಪು ಅಂಚಿನ ಕಣಗಳು ಕಾಣುತ್ತವೆ. ಅವು ಎಲೆಯ ಮೈಗೆ ಅಂಟಿಕೊಂಡು ಚಪ್ಪಟೆಯಾಗಿರುತ್ತವೆ, ಫ್ಲೇಕಿನ ಮುಖದ ತುಂಬ ಹರಡಿರುತ್ತವೆ. ಬೂಷ್ಟು ಹೊಳೆಯುವುದಿಲ್ಲ. ಅದು ಎಲೆಯಿಂದ ಮೇಲಕ್ಕೆ ಏಳುತ್ತದೆ. ಅಂಚಿನಿಂದ ನೋಡಿದರೆ ನವಿರಾದ ಎಳೆಗಳು ನಿಂತಿರುವುದು, ಒಂದು ಎಲೆಯಿಂದ ಪಕ್ಕದ ಎಲೆಗೆ ದಾಟಿರುವುದು ಕಾಣುತ್ತದೆ. ಬಣ್ಣ ಬಿಳಿಯೂ ಇರಬಹುದು, ಬೂದಿ, ಹಸಿರು, ನೀಲಿಯೂ ಇರಬಹುದು. ಸಾಮಾನ್ಯವಾಗಿ ಒಂದು ಮೂಲೆಯಲ್ಲಿ ಶುರುವಾಗಿ ಹರಡುತ್ತದೆ.

ಇನ್ನೂ ಅನುಮಾನ ಇದ್ದರೆ ಆ ಬಿಳಿ ಭಾಗದ ಮೇಲೆ ಕಡ್ಡಿಯ ತುದಿಯಿಂದ ಒಂದು ಹನಿ ನೀರಿಡಿ. ಹರಳು ಕರಗಿ ಮಾಯವಾಗುತ್ತದೆ. ಬೂಷ್ಟು ಒದ್ದೆಯಾಗಿ ಮುದ್ದೆಗಟ್ಟುತ್ತದೆ, ಅಲ್ಲೇ ಇರುತ್ತದೆ. ಮೂಗೂ ಸಾಕ್ಷಿ ಹೇಳುತ್ತದೆ. ಹರಳು ಬಂದ ಜಾರ್ ಒಣದ್ರಾಕ್ಷಿಯ, ಒಣ ಅಂಜೂರದ ಕಡೆಯ ವಾಸನೆ ಕೊಡುತ್ತದೆ. ಬೂಷ್ಟಿಗೆ ಮಳೆಗಾಲದಲ್ಲಿ ಮುಚ್ಚಿಟ್ಟ ಟ್ರಂಕಿನ ಮುಗ್ಗಲು ವಾಸನೆ. ಅನುಮಾನ ಇರುವಾಗ ಮೂಗನ್ನು ಜಾರ್ ಒಳಗೆ ಹಾಕಿ ಎಳೆಯಬೇಡಿ. ಕೈಯಿಂದ ಗಾಳಿ ಬೀಸಿಕೊಂಡು ಮೂಸಿ.

ಮಂಗಳೂರಿನವರದ್ದು ಬೂಷ್ಟೇ ಆಗಿತ್ತು. ಹಗ್ಗದ ಹಾಗೆ ಹೊಸೆದ ತಂಬಾಕು, ಅದೂ ಅಂಗಡಿಯಿಂದ ಬಂದ ದಿನವೇ ನೇರ ಜಾರ್‌ಗೆ ಹೋಗಿತ್ತು. ಇಂಗ್ಲೆಂಡಿನ ಕೆಂಡಲ್ ಊರಿನ ಹಳೆಯ ಪದ್ಧತಿಯ ಹಗ್ಗ ಮತ್ತು ಫ್ಲೇಕ್ ತಂಬಾಕುಗಳು ಒದ್ದೆಯಾಗಿಯೇ ಬರುತ್ತವೆ. ಅವನ್ನು ಒಂದು ರಾತ್ರಿ ಆರಿಸಿ, ತೇವ ಇಳಿದ ಮೇಲೆ ತುಂಬಬೇಕು. ನಮ್ಮ ಕರಾವಳಿಯ ಸೆಕೆಗಂತೂ ಈ ಮಾತು ಎರಡು ಪಟ್ಟು ನಿಜ.

ಬೂಷ್ಟು ಖಾತ್ರಿಯಾದರೆ ಆ ಜಾರ್‌ನದ್ದೆಲ್ಲ ಎಸೆಯಿರಿ. ಕಂಡದ್ದನ್ನು ಕಿತ್ತು ಉಳಿದದ್ದನ್ನು ಸೇದುವವರಿದ್ದಾರೆ, ಅದು ಬೇಡ. ಕಣ್ಣಿಗೆ ಕಾಣುವುದು ಬೆಳೆದು ನಿಂತ ಭಾಗ ಮಾತ್ರ, ಬೀಜ ಜಾರ್ ತುಂಬ ಹರಡಿರುತ್ತದೆ. ದುಬಾರಿ ತಂಬಾಕು ಅಂತ ಹೊಟ್ಟೆ ಉರಿಯುತ್ತದೆ, ನಿಜ. ಗಾಜನ್ನು ಸೋಪು ಹಾಕಿ ತೊಳೆದು, ಬಿಸಿ ನೀರಿನಲ್ಲಿ ಕುದಿಸಿ, ಪೂರ್ತಿ ಒಣಗಿಸಿ ಮತ್ತೆ ಬಳಸಬಹುದು. ಮುಚ್ಚಳ, ವಾಷರ್ ಹೊಸದು ತನ್ನಿ. ಪಕ್ಕದ ಜಾರ್‌ಗಳಿಗೆ ಅಂಟುತ್ತದಾ? ಮುಚ್ಚಳ ಗಟ್ಟಿ ಇದ್ದರೆ ಇಲ್ಲ. ಆದರೆ ಅದೇ ದಿನ ಅದೇ ತೇವದಲ್ಲಿ ತುಂಬಿದ ಬೇರೆ ಜಾರ್‌ಗಳಿದ್ದರೆ ಅವನ್ನೂ ಟಾರ್ಚ್ ಹಿಡಿದು ಗಾಜಿನ ಹೊರಗಿನಿಂದಲೇ ನೋಡಿಬಿಡಿ.

ತೂತು ಮತ್ತು ಧೂಳು

ಎಲೆಯಲ್ಲಿ ಒಂದೆರಡು ಮಿಲಿಮೀಟರ್‌ನ ಗುಂಡು ತೂತುಗಳು, ತಳದಲ್ಲಿ ನುಣ್ಣನೆ ಧೂಳು. ಇದು ತಂಬಾಕಿನ ದುಂಬಿ. ಎರಡು ಮೂರು ಮಿಲಿಮೀಟರ್ ಉದ್ದ, ಕೆಂಪು ಕಂದು ಬಣ್ಣ, ತಲೆ ಕೆಳಗೆ ಬಾಗಿ ಬೆನ್ನು ಗೂನಾಗಿ ಕಾಣುತ್ತದೆ. ತಿನ್ನುವುದು ದುಂಬಿಗಿಂತ ಹೆಚ್ಚಾಗಿ ಅದರ ಮರಿಹುಳ. ಅದು ಬೆಳ್ಳಗೆ, ಮೈತುಂಬ ನವಿರು ಕೂದಲು, ಬಾಗಿಕೊಂಡಿರುತ್ತದೆ.

ಕಾರ್ಖಾನೆಯಲ್ಲಿ ಬಿಸಿ ಕಂಡು ಬಂದ ಪೈಪ್ ತಂಬಾಕಿನಲ್ಲಿ ಇದು ಅಪರೂಪ. ಹಾಗಾದರೆ ಎಲ್ಲಿಂದ ಬಂತು? ಅಡುಗೆಮನೆಯಿಂದ ಬಂದಿರಬಹುದು. ಕೊತ್ತಂಬರಿ ಬೀಜ, ಮೆಣಸಿನಪುಡಿ, ಅರಿಸಿನ, ಒಣಶುಂಠಿ ಡಬ್ಬಿಗಳಲ್ಲಿ ಕಾಣುವ ಸಣ್ಣ ಕಂದು ಹುಳ ಎಷ್ಟೋ ಸಲ ಇದೇ ಜಾತಿಯದ್ದು. ಹೆಸರು ತಂಬಾಕಿನದಾದರೂ ಅದಕ್ಕೆ ಮಸಾಲೆಯೂ ಅಷ್ಟೇ ಇಷ್ಟ. ಸಂಜೆ ಹಾರುತ್ತದೆ, ದೀಪದ ಬಳಿ ಬರುತ್ತದೆ. ಹಾಗಾಗಿ ಜಾರ್‌ನಲ್ಲಿ ಹುಳ ಕಂಡರೆ ಮಸಾಲೆ ಡಬ್ಬಿಗಳನ್ನೂ ತೆರೆದು ನೋಡಿ. ಒಂದು ಕಡೆ ಮಾತ್ರ ಶುಚಿ ಮಾಡಿದರೆ ಇನ್ನೊಂದು ಕಡೆಯಿಂದ ಮತ್ತೆ ಬರುತ್ತದೆ. ಇನ್ನೊಂದು ದಾರಿ ಕಚ್ಚಾ ಎಲೆ. ಬೆಳೆಯುವ ಊರಿನ ನೆಂಟರ ಮನೆಯಿಂದ ಒಂದು ಹಿಡಿ ಸೊಪ್ಪು ತಂದು ಪೈಪ್ ತಂಬಾಕಿನ ಪಕ್ಕ ಇಟ್ಟವರಿಗೆ ಇದು ಬಳುವಳಿಯಾಗಿ ಸಿಗುತ್ತದೆ.

30 ಡಿಗ್ರಿ ಸೆಕೆಯಲ್ಲಿ ಮೊಟ್ಟೆಯಿಂದ ದುಂಬಿಯಾಗಲು ಹೆಚ್ಚುಕಮ್ಮಿ ಒಂದು ತಿಂಗಳು ಸಾಕು. ಚಳಿ ಹೆಚ್ಚಾದಷ್ಟೂ ನಿಧಾನ. ನಮ್ಮ ಬಹುತೇಕ ಊರುಗಳ ಹವೆ ಅದಕ್ಕೆ ಹೇಳಿ ಮಾಡಿಸಿದ ಹಾಗಿದೆ, ಏನು ಮಾಡುವುದು.

ತೂತು ಬಿದ್ದದ್ದನ್ನು ಎಸೆಯಿರಿ. ಪಕ್ಕದಲ್ಲಿದ್ದು ಚೆನ್ನಾಗಿ ಕಾಣುವುದನ್ನು ಎರಡು ಜಿಪ್ ಕವರ್‌ನಲ್ಲಿ ಗಾಳಿ ತೆಗೆದು ಸುತ್ತಿ ಫ್ರೀಜರ್‌ಗೆ ಹಾಕಿ. ಮೈನಸ್ 18 ಡಿಗ್ರಿ ಇದ್ದರೆ ಹತ್ತು ದಿನ ಬಿಡಿ. ಒಂದೇ ಬಾಗಿಲಿನ ಹಳೆಯ ಫ್ರಿಜ್‌ಗಳ ಐಸ್ ಖಾನೆ ಅಷ್ಟು ತಣ್ಣಗಾಗುವುದು ಅನುಮಾನ. ಥರ್ಮಾಮೀಟರ್ ಇಟ್ಟು ನೋಡಿಯೇ ನಂಬಿ. ಹೊರಗೆ ತೆಗೆಯುವಾಗ ಮೊದಲು ಫ್ರಿಜ್‌ನ ಕೆಳ ಅರೆಯಲ್ಲಿ ಒಂದು ದಿನ, ಆಮೇಲೆ ಹೊರಗೆ. ಪೂರ್ತಿ ಕೋಣೆಯ ಹದಕ್ಕೆ ಬರುವ ತನಕ ಕವರ್ ತೆರೆಯಬೇಡಿ. ತೆರೆದರೆ ಎಲೆಯ ಮೇಲೆ ನೀರು ಕೂರುತ್ತದೆ, ಹುಳ ಹೋಗಿ ಬೂಷ್ಟು ಬರುತ್ತದೆ. ಗಾಜಿನ ಜಾರ್ ಸಮೇತ ಫ್ರೀಜರ್‌ಗೆ ಹಾಕುವುದು ಬೇಡ.

ವಾಸನೆ ಬೇರೆಯಾಗಿದೆ

ವಿನಿಗರ್ ವಾಸನೆ ಬಂದರೆ ಹೆದರಬೇಡಿ. ಒತ್ತಿ ಮಾಡಿದ ವರ್ಜೀನಿಯಾಗಳಲ್ಲಿ ಅದು ಮಾಮೂಲಿ, ಸ್ವಲ್ಪ ಹೊತ್ತು ತೆರೆದಿಟ್ಟರೆ ಇಳಿಯುತ್ತದೆ. ಅಮೆರಿಕದ ಕಾನ್ಸಾಸ್ ಸಿಟಿಯ ಮೆಕ್‌ಲೆಲೆಂಡ್ ಕಂಪನಿಯ ಡಬ್ಬಿಗಳು ಟೊಮೆಟೊ ಕೆಚಪ್ ವಾಸನೆಗೇ ಹೆಸರಾಗಿದ್ದವು. 2018ರಲ್ಲಿ ಕಂಪನಿ ಮುಚ್ಚಿತು. ಹಳೆಯ ಡಬ್ಬಿ ಇಟ್ಟುಕೊಂಡವರು ಇವತ್ತಿಗೂ ಆ ವಾಸನೆಯನ್ನೇ ಹುಡುಕುತ್ತಾರೆ.

ಮೂಗಿಗೆ ಹೊಡೆಯುವ ಅಮೋನಿಯಾ ವಾಸನೆ ಕಚ್ಚಾ ಎಲೆಯಲ್ಲಿ, ಅದರಲ್ಲೂ ಕಪ್ಪು ಎಲೆ, ನೆರಳ ಗಾಳಿಯಲ್ಲಿ ಒಣಗಿಸುವ ಬರ್ಲಿ ಎಲೆಗಳಲ್ಲಿ ಹುದುಗುವಾಗ ಬರುತ್ತದೆ. ಕೆಲವು ದಿನ ಗಾಳಿಯಾಡಲು ಬಿಟ್ಟು ಮತ್ತೆ ಮುಚ್ಚಿ. ಅಂಗಡಿಯಿಂದ ತಂದ ಸಿದ್ಧ ಮಿಶ್ರಣದಲ್ಲಿ ಆ ವಾಸನೆ ಬಂದರೆ ಮಾತ್ರ ತೇವ ನೋಡಬೇಕು.

ಸೋಪಿನ, ಗುಲಾಬಿಯ ವಾಸನೆ ಕೆಂಡಲ್ ಕಡೆಯ ತಂಬಾಕುಗಳಿಗೆ ಬೇಕೆಂದೇ ಹಾಕುವಂಥದ್ದು. ಕೆಟ್ಟಿಲ್ಲ.

ಉಪ್ಪಿನಕಾಯಿ ವಾಸನೆ ಬರುತ್ತಿದೆಯಾ? ಜಾರ್‌ನ ಪೂರ್ವಾಶ್ರಮ ಕೇಳಿ. ಗಾಜು ವಾಸನೆ ಹಿಡಿಯುವುದಿಲ್ಲ, ಮುಚ್ಚಳದ ಬಳೆ ಹಿಡಿಯುತ್ತದೆ. ಎಷ್ಟು ತೊಳೆದರೂ ಇಂಗು, ಸಾಸಿವೆ ಬಿಡುವುದಿಲ್ಲ. ಜಾರ್ ಇಟ್ಟುಕೊಂಡು ಮುಚ್ಚಳ ಬದಲಿಸಿ. ವೆನಿಲ್ಲಾ ತಂಬಾಕು ಇಟ್ಟಿದ್ದ ಮುಚ್ಚಳವನ್ನು ಇನ್ನೊಂದಕ್ಕೆ ಹಾಕಿದರೂ ಇದೇ ಗತಿ.

ನಮ್ಮ ಮನೆಗಳದ್ದೇ ಆದ ಇನ್ನೊಂದು ದೋಷ ನುಸಿಗುಳಿಗೆ. ಜಾರ್‌ಗಳನ್ನು ಬಟ್ಟೆಯ ಬೀರುವಿನಲ್ಲಿ ಇಡುತ್ತೇವೆ, ರೇಷ್ಮೆ ಸೀರೆಗಳ ಪಕ್ಕ. ಗುಳಿಗೆಯ ಆವಿ ರಬ್ಬರ್ ಮೂಲಕ ಒಳಗೆ ಇಳಿಯುತ್ತದೆ. ತೂಕ ಇಳಿದಿರುವುದಿಲ್ಲ, ಎಲೆ ಹದವಾಗಿಯೇ ಇರುತ್ತದೆ, ಮುಚ್ಚಳವೂ ಗಟ್ಟಿ ಅನ್ನಿಸುತ್ತದೆ. ಆದರೆ ವಾಸನೆ ಬಂದಿರುತ್ತದೆ. ಅದಕ್ಕೆ ಪರಿಹಾರ ಇಲ್ಲ, ಎಸೆಯುವುದೇ. ಸೇದಲಂತೂ ಬಾರದು. ಉಳಿದ ಜಾರ್‌ಗಳನ್ನು ಇವತ್ತೇ ಬೇರೆ ಕಡೆ ಎತ್ತಿಡಿ.

ಲಟಾಕಿಯಾ ಹೊಗೆಯ ಘಾಟು ಕಮ್ಮಿಯಾಗಿದೆ ಅನ್ನುವುದು ದೂರೇ ಅಲ್ಲ. ಹೊಗೆಯಲ್ಲಿ ಹದ ಮಾಡಿದ ಆ ಎಲೆಯ ಘಾಟು ವರ್ಷ ಕಳೆದಂತೆ ಇಳಿಯುತ್ತದೆ, ಎಷ್ಟೇ ಬಿಗಿಯಾಗಿ ಮುಚ್ಚಿದ್ದರೂ. ಘಾಟೇ ಬೇಕು ಅನ್ನುವವರು ಅದನ್ನು ಇಡದೆ ಬೇಗ ಮುಗಿಸುವುದು ವಾಸಿ.

ತೆರೆಯದ ಟಿನ್‌ಗಳು

ಮುಚ್ಚಳವನ್ನು ಮೆಲ್ಲಗೆ ತಿರುಗಿಸಿ ನೋಡಿ. ತಿರುಗಿದರೆ ಸೀಲ್ ಹೋಗಿದೆ, ಇವತ್ತೇ ಜಾರ್‌ಗೆ ಹಾಕಿ. ಅಲ್ಲಾಡಿಸಿದಾಗ ಒಣ ಎಲೆಯ ಗಲಗಲ ಸದ್ದು ಬಂದರೂ ಅದೇ ಅರ್ಥ. ಗುಂಡು ಟಿನ್‌ಗಿಂತ ಚೌಕ ಟಿನ್‌ಗಳಲ್ಲಿ ಮೂಲೆಯಿಂದ ಸೋರುವುದು ಜಾಸ್ತಿ, ಅವನ್ನು ಹತ್ತು ವರ್ಷ ಹಾಗೇ ಇಡುವ ಧೈರ್ಯ ನನಗಿಲ್ಲ. ಮುಚ್ಚಳ ಸ್ವಲ್ಪ ಉಬ್ಬಿದ್ದರೆ ಒಳಗೆ ಹುದುಗುವಾಗ ಬಂದ ಗಾಳಿ ಅದು, ಸಾಮಾನ್ಯವಾಗಿ ಎಲೆ ಚೆನ್ನಾಗಿಯೇ ಇರುತ್ತದೆ. ತುಕ್ಕು ಹೊರಗೆ ಮಾತ್ರ ಇದ್ದರೆ ಒರೆಸಿ, ಬೇಗ ತೆರೆಯಿರಿ. ಕಡಲ ಗಾಳಿಯಲ್ಲಿ ಸೂಜಿ ಮೊನೆಯಷ್ಟು ತೂತಾಗಲು ಬಹಳ ಕಾಲ ಬೇಡ. ತುಕ್ಕು ಎಲೆಗೆ ತಾಗಿದ್ದರೆ ಅಷ್ಟು ಭಾಗವಲ್ಲ, ಪೂರ್ತಿ ಎಸೆಯಿರಿ.

ಎರಡು ವರ್ಷ ಆಯಿತು, ಏನೂ ಆಗಿಲ್ಲ

ಯಾವ ಎಲೆ ಅಂತ ಮೊದಲು ಕೇಳಬೇಕು. ವರ್ಷಗಳಲ್ಲಿ ಚೆನ್ನಾಗಿ ಬದಲಾಗುವುದು ವರ್ಜೀನಿಯಾ. ಬಿಸಿಗಾಳಿಯಲ್ಲಿ ಹದ ಮಾಡುವಾಗ ಅದರ ಪಿಷ್ಟ ಸಕ್ಕರೆಯಾಗುತ್ತದೆ, ಆ ಸಕ್ಕರೆ ಎಲೆಯಲ್ಲೇ ಉಳಿಯುತ್ತದೆ. ಮುಚ್ಚಿದ ಜಾರ್‌ನಲ್ಲಿ ಎಲೆ ನಿಧಾನಕ್ಕೆ ಕಪ್ಪಾಗುತ್ತಾ, ಚುರುಕು ಕಳೆದುಕೊಂಡು ಹಣ್ಣಿನ ಕಡೆಗೆ ಬರುತ್ತದೆ. ಅಮೆರಿಕದ ಲೂಸಿಯಾನಾದಲ್ಲಿ ಪೀಪಾಯಿಯಲ್ಲಿ ಒತ್ತಿ ಹುದುಗಿಸುವ ಪೆರೀಕ್ ಎಲೆ ಅದರ ಜೊತೆ ಸೇರಿದ್ದರೆ ಇನ್ನೂ ಒಳ್ಳೆಯದು. ಬರ್ಲಿಯಲ್ಲಿ ಸಕ್ಕರೆ ತೀರಾ ಕಮ್ಮಿ, ಬದಲಾವಣೆಯೂ ಕಮ್ಮಿ. ಅರೋಮ್ಯಾಟಿಕ್‌ಗಳಲ್ಲಿ ಮೇಲೆ ಹಾಕಿದ ಪರಿಮಳವೇ ಮುಖ್ಯ, ಅದು ಇಟ್ಟಷ್ಟೂ ಇಳಿಯುತ್ತದೆ. ವೆನಿಲ್ಲಾ ತಂಬಾಕನ್ನು ಐದು ವರ್ಷ ಕಾಪಾಡಿ ನಿರಾಸೆಯಾದವರು ಮುಚ್ಚಳವನ್ನು ಬೈಯುವ ಹಾಗಿಲ್ಲ.

ಹುಣಸೂರು ಕಡೆಯದ್ದೂ ಇದೇ ವರ್ಜೀನಿಯಾ ಜಾತಿ. ಆದರೆ ಹರಾಜು ಕಟ್ಟೆಗೆ ಬರುವುದು ಕಚ್ಚಾ ಎಲೆ, ಸೇದಲು ಸಿದ್ಧವಾದ ತಂಬಾಕಲ್ಲ. ತಯಾರಕರೂ ಅಂಥ ಎಲೆಯನ್ನು ವರ್ಷ, ಅದಕ್ಕೂ ಹೆಚ್ಚು ಕಾಲ ಇಟ್ಟೇ ಬಳಸುತ್ತಾರೆ. ಬ್ಯಾರನ್‌ನಿಂದ ಇಳಿದ ಎಲೆಯನ್ನು ಜಾರ್‌ಗೆ ಹಾಕಿ ಆರು ತಿಂಗಳಿಗೇ ಫಲ ಕೇಳಿದರೆ ಸಿಗುವುದು ಬರೀ ಗಂಟಲು ಉರಿ.

ಎಲೆ ಸರಿ ಇದ್ದೂ ಬದಲಾಗಿಲ್ಲ ಅಂದರೆ ಮುಂದಿನ ಅನುಮಾನ ನಿಮ್ಮ ಮೂಗಿನ ಮೇಲೆ. ವಾರಕ್ಕೊಮ್ಮೆ ಮುಚ್ಚಳ ತೆಗೆದು ಮೂಸುವ ಚಪಲ ಇದೆಯಲ್ಲ, ಅದು. ಪ್ರತಿ ಸಲ ಪರಿಮಳ ಹೋಗುತ್ತದೆ, ತೇವ ಹೋಗುತ್ತದೆ, ಹೊಸ ಗಾಳಿ ಒಳಗೆ ಬರುತ್ತದೆ. ಮನೆಯ ತಂಬಾಕನ್ನೆಲ್ಲ ಒಂದೇ ದೊಡ್ಡ ಭರಣಿಯಲ್ಲಿ ತುಂಬಿದವರಿಗೆ ಇದು ತಪ್ಪಿದ್ದಲ್ಲ. ಕಾಲು ಲೀಟರ್‌ನ ಒಂದು ಜಾರ್‌ಗೆ 50 ಗ್ರಾಂ ಬಿಡಿ ತಂಬಾಕು ಸಲೀಸಾಗಿ ಹಿಡಿಸುತ್ತದೆ. ಹಾಗೆ ಸಣ್ಣ ಸಣ್ಣ ಜಾರ್ ಮಾಡಿ, ಒಂದನ್ನು ಸೇದಲು ಇಟ್ಟುಕೊಂಡು ಉಳಿದವನ್ನು ಮುಟ್ಟಬೇಡಿ. ತೇವವನ್ನು ಒಂದೇ ಮಟ್ಟದಲ್ಲಿಡುವ ಪೊಟ್ಟಣ ಹಾಕುವುದಾದರೆ ಈ ಸೇದುವ ಜಾರ್‌ಗೆ ಮಾತ್ರ ಹಾಕಿ. ಮುಚ್ಚಿಟ್ಟವಕ್ಕೆ ಅದರ ಅಗತ್ಯವೇ ಇಲ್ಲ, ಪೊಟ್ಟಣ ತಾನೇ ಒಣಗಿ ಎಲೆಯ ತೇವ ಕುಡಿಯುವುದೂ ಉಂಟು.

ಬದಲಾಗಿದೆಯೋ ಇಲ್ಲವೋ ಅಂತ ನೆನಪಿನಿಂದ ಹೇಳುವುದು ಕಷ್ಟ. ಅದೇ ಮಿಶ್ರಣದ ಹೊಸ ಟಿನ್ ಒಂದನ್ನು ತಂದು, ಎರಡನ್ನೂ ಒಂದೇ ಹದಕ್ಕೆ ತಂದು, ಒಂದೇ ಪೈಪಿನಲ್ಲಿ ಬೇರೆ ಬೇರೆ ದಿನ ಸೇದಿ ನೋಡಿ. ಬಿಳಿ ಕಾಗದದ ಮೇಲೆ ಪಕ್ಕಪಕ್ಕ ಇಟ್ಟರೆ ಬಣ್ಣದಲ್ಲೇ ವ್ಯತ್ಯಾಸ ಕಾಣುವುದುಂಟು. ಹಾಗೂ ಏನೂ ಕಾಣದಿದ್ದರೆ ಹೊಸ ಟಿನ್ ಸೇದುತ್ತಿರಿ, ಹಳೆಯ ಜಾರ್ ಮತ್ತೆ ಮುಚ್ಚಿ ಕೆಳ ಅರೆಗೆ ಸೇರಿಸಿ. ಮುಚ್ಚುವ ಮೊದಲು ಬಾಯಿ ಒರೆಸಿ, ಹೊಸ ತೂಕ ಬರೆಯಿರಿ. ಹಳೆಯ ಚೀಟಿಯ ತೂಕ ಇನ್ನು ಲೆಕ್ಕಕ್ಕಿಲ್ಲ.